1, 13, 25: ಮುಧೋಳದ ರಿವೈಂಡಿಂಗ್ ಹುಡುಗನೊಬ್ಬನ ಪ್ರಕರಣ

2023ರ ಏಪ್ರಿಲ್‌ನಲ್ಲಿ ನಮ್ಮ ತಮ್ಮನ ಹೊಲದ ಮೋಟಾರ್ ಸುಟ್ಟಿತು. ಘಟಪ್ರಭೆ ದಂಡೆಯ ಕಬ್ಬಿನ ಹೊಲ, 10 ಎಚ್‌ಪಿ ಮೋನೋಬ್ಲಾಕ್. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ನಮ್ಮ ಕಡೆ ಸಾಲುಸಾಲಾಗಿ ಮೋಟಾರ್ ಸುಡುತ್ತವೆ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ, ಮುಧೋಳದ ಒಂದು ರಿವೈಂಡಿಂಗ್ ಅಂಗಡಿಗೆ ಒಯ್ದೆವು. ಅಲ್ಲಿ 19 ವರ್ಷದ ಹುಡುಗನೊಬ್ಬ ನೆಲದ ಮೇಲೆ ಕೂತು ಸ್ಟೇಟರ್‌ಗೆ, ಅಂದರೆ ಮೋಟಾರಿನ ತಿರುಗದ ಹೊರಭಾಗಕ್ಕೆ, ಕಾಯಿಲ್ ಇಳಿಸುತ್ತಿದ್ದ.

ನಾನು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸುವವನು. ಕಾಯಿಲ್ ಇಳಿಸುವ ಕೈ ನೋಡಿದರೆ ಎಷ್ಟು ವರ್ಷದ ಕೆಲಸ ಅಂತ ಅಂದಾಜು ಸಿಗುತ್ತದೆ. ಇವನು ಸ್ಲಾಟಿನೊಳಗೆ, ಅಂದರೆ ಕಾಯಿಲ್ ಕೂರುವ ಸೀಳಿನೊಳಗೆ, ಇನ್ಸುಲೇಷನ್ ಪೇಪರ್ ಮಡಚಿ ಕೂರಿಸುತ್ತಿದ್ದ ರೀತಿ, ತಂತಿಯ ಎನಾಮಲ್ ಅಂಚಿಗೆ ತಾಗದಂತೆ ಬೆರಳಿನಿಂದ ಒಂದೊಂದೇ ಎಳೆ ಒಳಗೆ ಬಿಡುತ್ತಿದ್ದ ರೀತಿ ನೋಡಿ ನಿಂತುಬಿಟ್ಟೆ. ನಮ್ಮ ಎರಡನೇ ವರ್ಷದ ಹುಡುಗರಲ್ಲಿ ಇಷ್ಟು ಚೊಕ್ಕ ಕೈ ಒಬ್ಬಿಬ್ಬರಿಗೆ ಇರಬಹುದು.

"ಎಲ್ಲಿ ಕಲಿತೆ?" ಅಂತ ಕೇಳಿದೆ.

"ಇಲ್ಲೇ ರೀ. ಮೂರು ವರ್ಷ ಆತು."

"ಐಟಿಐ?"

ತಲೆ ಎತ್ತಲಿಲ್ಲ. "ಎಸ್‌ಎಸ್‌ಎಲ್‌ಸಿ ಹೋಗೇತ್ರಿ. ಗಣಿತ."

ಇಲ್ಲಿಂದ ಈ ಪ್ರಕರಣ ಶುರುವಾಗುತ್ತದೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಬರೆಯುವುದಿಲ್ಲ. ಇಂಥ ಹುಡುಗರು ಜಮಖಂಡಿಯಲ್ಲಿ, ರಬಕವಿ ಬನಹಟ್ಟಿಯಲ್ಲಿ, ಗೋಕಾಕದಲ್ಲಿ, ಇಂಡಿಯಲ್ಲಿ ಪ್ರತಿ ರಿವೈಂಡಿಂಗ್ ಅಂಗಡಿಯಲ್ಲೂ ಸಿಗುತ್ತಾರೆ. ಅವರಿಗೆ ದಾರಿ ಹೇಳುವ ಶಿಕ್ಷಕರಿಗೆ, ಅಣ್ಣಂದಿರಿಗೆ ಉಪಯೋಗ ಆಗಲಿ ಅಂತ ಎಲ್ಲವನ್ನೂ, ನನ್ನ ತಪ್ಪುಗಳ ಸಮೇತ ಬರೆದಿದ್ದೇನೆ.

ಮನೆ ಮತ್ತು ಕಾಗದ

ತಂದೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಿದ್ದರು, ಈಗ ಬೆನ್ನು ನೋವು. ತಾಯಿ ಹೊಲದ ಕೂಲಿ. ತಂಗಿ ಒಂಬತ್ತನೇ ಕ್ಲಾಸು. ಹುಡುಗ 2020ರಲ್ಲಿ ಎಸ್‌ಎಸ್‌ಎಲ್‌ಸಿ ಬರೆದ, ಗಣಿತ ಒಂದರಲ್ಲಿ ಬಿದ್ದ. ಆ ವರ್ಷ ಕೊರೊನಾ. ಮತ್ತೆ ಬರೆ ಅಂತ ಹೇಳುವವರು ಯಾರೂ ಇರಲಿಲ್ಲ. ಅಂಗಡಿ ಸೇರಿದ.

ನಡುವೆ ಒಂದು ಪೆಟ್ಟು ತಿಂದಿದ್ದ. ಪಕ್ಕದ ಊರಿನ ಒಂದು ತರಬೇತಿ ಕೇಂದ್ರದವರು ಆರು ತಿಂಗಳ "ಎಲೆಕ್ಟ್ರಿಕಲ್ ಡಿಪ್ಲೊಮಾ" ಕೊಡುತ್ತೇವೆ, ಹೆಸ್ಕಾಂನಲ್ಲಿ (ನಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿ) ಕೆಲಸ ಗ್ಯಾರಂಟಿ ಅಂದಿದ್ದರು. ತಾಯಿ ಬೆಂಡೋಲೆ ಅಡವಿಟ್ಟು 15 ಸಾವಿರ ಕಟ್ಟಿದ್ದರು. ಬಂಗಾರದ ಬಣ್ಣದ ಸೀಲು ಇದ್ದ ಆ ಸರ್ಟಿಫಿಕೇಟನ್ನು ಅವನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದು ತೋರಿಸಿದ. ಯಾವ ಸರ್ಕಾರಿ ಮಂಡಳಿಯ ಮಾನ್ಯತೆಯೂ ಅದರ ಮೇಲೆ ಇರಲಿಲ್ಲ. ಅದನ್ನು ಅವನಿಗೆ ಹೇಳುವಾಗ ನನ್ನ ಬಾಯಿ ಒಣಗಿತು.

ಹಾಗಾಗಿ ಇದೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಎಲೆಕ್ಟ್ರಿಷಿಯನ್ ಟ್ರೇಡ್ ಅಂದರೆ ಎರಡು ವರ್ಷ. ಮಾನ್ಯತೆ ಪಡೆದ ಪ್ರತಿ ಐಟಿಐಗೂ ಒಂದು ಎಂಐಎಸ್ ಕೋಡ್ ಇರುತ್ತದೆ. ಸರ್ಕಾರಿ ಸಂಸ್ಥೆಯದು ಜಿ ಅಕ್ಷರದಿಂದ, ಖಾಸಗಿಯದು ಪಿ ಅಕ್ಷರದಿಂದ ಶುರುವಾಗುತ್ತದೆ. ದುಡ್ಡು ಕಟ್ಟುವ ಮುಂಚೆ ಆ ಕೋಡ್ ಕೇಳಿ, ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಕೋಡ್ ಹೇಳಲು ತಡವರಿಸಿದರೆ ಸುಮ್ನೆ ಎದ್ದು ಬನ್ನಿ.

ಮೊದಲ ಕೆಲಸ: ಟಿಸಿ (ಟ್ರಾನ್ಸ್‌ಫಾರ್ಮರ್ ಕಂಬ) ಹತ್ತುವುದು ಬಿಡಿಸಿದ್ದು

ಎಲ್ಲರೂ ಕೋರ್ಸ್ ಯಾವುದು, ಫೀ ಎಷ್ಟು ಅಂತ ಕೇಳುತ್ತಾರೆ. ನಾನು ಅವನಿಗೆ ಮೊದಲು ಕೇಳಿದ್ದು ಬೇರೆ. "ಟಿಸಿ ಹತ್ತಿ ಫ್ಯೂಸ್ ಹಾಕಿದ್ದೀಯಾ?"

ನಕ್ಕ. "ಎರಡು ಸಲ ರೀ. ಜಿಓಎಸ್ ಇಳಸಿದ ಮ್ಯಾಲೆ."

ಜಿಓಎಸ್ ಅಂದರೆ ಟಿಸಿಗೆ ಬರುವ ಲೈನ್ ಕಡಿಯುವ ಸ್ವಿಚ್. ನಮ್ಮ ಹೊಲಗಳಲ್ಲಿ ಹೀಗೆ ಹತ್ತುವುದು ದಿನನಿತ್ಯದ ಮಾತು. ಮೂರು ಫೇಸ್ ಕರೆಂಟ್ ದಿನಕ್ಕೆ ಕೆಲವೇ ತಾಸು. ಅಷ್ಟರಲ್ಲಿ ಫ್ಯೂಸ್ ಹೋದರೆ ಲೈನ್‌ಮನ್‌ಗೆ ಫೋನ್ ಮಾಡಿ ಕಾಯುವ ತಾಳ್ಮೆ ರೈತರಿಗೆ ಇರುವುದಿಲ್ಲ. ರಿವೈಂಡಿಂಗ್ ಹುಡುಗನಿಗೆ ಕರೆಂಟು ಗೊತ್ತಲ್ವಾ, ಅವನನ್ನೇ ಹತ್ತಿಸುತ್ತಾರೆ.

ಅವನನ್ನು ಒಂದು ಟಿಸಿ ಹತ್ತಿರ ಕರೆದುಕೊಂಡು ಹೋದೆ. ದೂರ ನಿಂತು ಮೇಲಿನ ಸ್ವಿಚ್ ತೋರಿಸಿದೆ. ಕೆಳಗಿನ ಹಿಡಿಕೆ ಒಂದು, ಮೇಲೆ ಬ್ಲೇಡು ಮೂರು. ಹಿಡಿಕೆ ಎಳೆದಾಗ ಎರಡು ಬ್ಲೇಡು ಬಿಚ್ಚಿಕೊಂಡು ಮೂರನೆಯದು ತುಕ್ಕು ಹಿಡಿದು ಅಲ್ಲೇ ಉಳಿದಿದ್ದರೆ? ಕೆಳಗಿನಿಂದ ನೋಡಿದರೆ ಬಿಚ್ಚಿದಂತೆಯೇ ಕಾಣುತ್ತದೆ. ಆ ಒಂದು ಫೇಸು 11 ಕೆವಿ, ಅಂದರೆ 11 ಸಾವಿರ ವೋಲ್ಟಿನ ಲೈನಿಗೆ ಅಂಟಿಕೊಂಡೇ ಇರುತ್ತದೆ. ಇನ್ನೊಂದು ಸಂಗತಿ ಅವನಿಗೆ ಗೊತ್ತೇ ಇರಲಿಲ್ಲ. ಯಾರದೋ ಮನೆಯ ಜನರೇಟರ್ ತಪ್ಪಾಗಿ ಲೈನಿಗೆ ಕರೆಂಟ್ ಬಿಟ್ಟರೆ, ಅದು ಟಿಸಿಯ ಕೆಳಗಿನ ಕಡೆಯಿಂದ ಹೊಕ್ಕು ಮೇಲಿನ ಕಡೆ ಮತ್ತೆ ಸಾವಿರಾರು ವೋಲ್ಟ್ ಆಗಿ ನಿಲ್ಲುತ್ತದೆ. ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಯಾರೂ ಹೇಳಿದ್ದಿಲ್ರಿ ಸರ" ಅಂದ.

ಅವತ್ತು ಎರಡು ಮಾತು ತೆಗೆದುಕೊಂಡೆ. ಟಿಸಿ ಹತ್ತಬಾರದು, ಅದು ಹೆಸ್ಕಾಂ ಸಿಬ್ಬಂದಿಯ ಕೆಲಸ. ಕೈಯ ಹಿಂಭಾಗದಿಂದ ಮುಟ್ಟಿ ಕರೆಂಟ್ ಇದೆಯಾ ಅಂತ ನೋಡುವ ಚಾಳಿಯನ್ನೂ ಬಿಡಬೇಕು. ಒಂದು ಟೆಸ್ಟರ್, ಒಂದು ಮಲ್ಟಿಮೀಟರ್ ಕೊಡಿಸಿದೆ. ಅಂಗಡಿ ಮಾಲೀಕರಿಗೂ ಹೇಳಿದೆ. ಅವರು ಒಳ್ಳೆಯ ಮನುಷ್ಯ, ಕೂಡಲೇ ಒಪ್ಪಿದರು. ಇಂಥ ಹುಡುಗರಿಗೆ ದಾರಿ ತೋರಿಸಲು ಹೊರಟವರು ಇದನ್ನೇ ಮೊದಲು ಕೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸರ್ಟಿಫಿಕೇಟ್ ಬರುವ ತನಕ ಅವನು ಬದುಕಿರಬೇಕು.

ಯಾವ ದಾರಿ

ಅವನ ಆಸೆ ಲೈನ್‌ಮನ್ ಆಗುವುದು. ತಂದೆಯ ಆಸೆಯೂ ಅದೇ. ನಮ್ಮ ಭಾಗದಲ್ಲಿ ಎಲೆಕ್ಟ್ರಿಷಿಯನ್ ಅಂದರೆ ಎಲ್ಲರ ಕಣ್ಣಿಗೆ ಕಾಣುವುದು ಹೆಸ್ಕಾಂ ಒಂದೇ. ಆದರೆ ಆ ಹುದ್ದೆಗೆ, ಈಗಿನ ಹೆಸರಲ್ಲಿ ಕಿರಿಯ ಪವರ್‌ಮನ್‌ಗೆ, ಬೇಕಿರುವುದು ಎಸ್‌ಎಸ್‌ಎಲ್‌ಸಿ. ಆಯ್ಕೆ ನಡೆಯುವುದು ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ, ಜೊತೆಗೆ 8 ಮೀಟರ್ ಕಂಬ ಹತ್ತುವ ಪರೀಕ್ಷೆ ಕಡ್ಡಾಯ. ಕಂಬ ಹತ್ತುವುದು ಇವನಿಗೆ ನೀರು ಕುಡಿದಂತೆ. ಅಂಕ ಮಾತ್ರ ಕಡಿಮೆ. ಅರ್ಜಿ ಹಾಕೋಣ, ಆದರೆ ಅದನ್ನೇ ನಂಬಿ ವರ್ಷ ಕಳೆಯುವುದು ಬೇಡ ಅಂತ ಶುರುವಿನಲ್ಲೇ ಹೇಳಿದೆ. ಮನೆಯವರಿಗೆ ಬೇಜಾರಾಯಿತು.

ತಂದೆ ಪಿಎಂ ವಿಶ್ವಕರ್ಮ ಯೋಜನೆಯ ಬಗ್ಗೆ ಕೇಳಿದರು. ಅದರಲ್ಲಿರುವುದು ಬಡಿಗ, ಕಮ್ಮಾರ, ಕುಂಬಾರ, ದರ್ಜಿ ಹೀಗೆ 18 ಸಾಂಪ್ರದಾಯಿಕ ಕಸುಬು. ಎಲೆಕ್ಟ್ರಿಷಿಯನ್ ಇಲ್ಲ. ವಿಜಯಪುರದ ರುಡ್‌ಸೆಟ್ ಸಂಸ್ಥೆಗೆ ಕಳಿಸಿ ಅಂತ ಇನ್ನೊಬ್ಬರು ಹೇಳಿದರು. ಹೊಸದಾಗಿ ಕಲಿಯುವವರಿಗೆ ಅದು ಬಹಳ ಒಳ್ಳೆಯ ಜಾಗ. ಊಟ ವಸತಿ ಸಮೇತ ಉಚಿತ ತರಬೇತಿ, ಮುಂದೆ ಬ್ಯಾಂಕ್ ಸಾಲಕ್ಕೂ ದಾರಿ ಆಗುತ್ತದೆ. ಸ್ವಂತ ಅಂಗಡಿ ಇಡುವ ಮನಸ್ಸಿದ್ದವರನ್ನು ನಾನೇ ಕಳಿಸುತ್ತೇನೆ. ಆದರೆ ಮೂರು ವರ್ಷ ಮೋಟಾರ್ ಕಟ್ಟಿದವನಿಗೆ ಅಲ್ಪಾವಧಿ ತರಬೇತಿ ಕೊಟ್ಟರೆ ಅವನ ಕೊರತೆ ತುಂಬುವುದಿಲ್ಲ.

ನಿಜವಾಗಿ ತೂಗಿ ನೋಡಬೇಕಾದ ಆಯ್ಕೆ ಎರಡೇ. ಒಂದು, ವೈರ್‌ಮನ್ ಟ್ರೇಡ್. ಅದೂ ಎರಡು ವರ್ಷ, ಎಂಟನೇ ಕ್ಲಾಸ್ ಪಾಸಾಗಿದ್ದರೆ ಸಾಕು. ಈ ವಿಷಯ ಎಷ್ಟೋ ಹೈಸ್ಕೂಲ್ ಮಾಸ್ತರರಿಗೂ ಗೊತ್ತಿಲ್ಲ. ಎಸ್‌ಎಸ್‌ಎಲ್‌ಸಿ ಹೋದ ಹುಡುಗರಿಗೆ ಎಲ್ಲಾ ಬಾಗಿಲು ಮುಚ್ಚಿತು ಅಂದುಬಿಡುತ್ತಾರೆ. ಎರಡು, ಗಣಿತ ಪಾಸು ಮಾಡಿ ಎಲೆಕ್ಟ್ರಿಷಿಯನ್ ಟ್ರೇಡ್ ಸೇರುವುದು. ಒಂದು ವರ್ಷ ತಡ. ಆದರೆ ಕೈಯಲ್ಲಿ ಎಸ್‌ಎಸ್‌ಎಲ್‌ಸಿ ಇರುತ್ತದೆ, ಪವರ್‌ಮನ್ ಅರ್ಜಿಗೂ ನಡೆಯುತ್ತದೆ. ಐಟಿಐ ಆದ ಮೇಲೆ ಬೇಕಾದರೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಹೋಗಬಹುದು. ಅದಕ್ಕಿಂತ ಮುಖ್ಯ, ಎಲೆಕ್ಟ್ರಿಷಿಯನ್ ಟ್ರೇಡಿನಲ್ಲಿ ಮೋಟಾರ್, ಟ್ರಾನ್ಸ್‌ಫಾರ್ಮರ್, ಪ್ಯಾನೆಲ್ ಎಲ್ಲಾ ಆಳವಾಗಿ ಬರುತ್ತದೆ. ಇವನ ಕೈ ಇರುವುದೇ ಮೋಟಾರಿನಲ್ಲಿ.

ಎರಡನೆಯದನ್ನು ಆರಿಸಿದೆವು. ಮನೆಯಲ್ಲಿ ಹಣದ ತೊಂದರೆ ಇನ್ನೂ ಜಾಸ್ತಿ ಇದ್ದಿದ್ದರೆ, ಅಥವಾ ಮೂರು ನಾಲ್ಕು ವಿಷಯ ಬಾಕಿ ಇದ್ದಿದ್ದರೆ, ನಾನು ಎರಡನೇ ಯೋಚನೆ ಇಲ್ಲದೆ ವೈರ್‌ಮನ್ ಅನ್ನುತ್ತಿದ್ದೆ.

ಗಣಿತ

ಇಲ್ಲಿ ನನ್ನಿಂದ ತಪ್ಪಾಯಿತು.

ಸಂಜೆ ಅಂಗಡಿ ಮುಗಿಸಿ ನಮ್ಮ ಮನೆಗೆ ಬರುತ್ತಿದ್ದ. ಪುಸ್ತಕ ತೆಗೆದು ಮೊದಲ ಅಧ್ಯಾಯದಿಂದ ಶುರು ಮಾಡಿದೆ. ಸಮಾಂತರ ಶ್ರೇಢಿ, ಸೂತ್ರ, ಉದಾಹರಣೆ, ಅಭ್ಯಾಸ. ಅವನು ತಲೆ ಅಲ್ಲಾಡಿಸುತ್ತಿದ್ದ, ಬರೆದುಕೊಳ್ಳುತ್ತಿದ್ದ, ಮರುದಿನ ಎಲ್ಲಾ ಮರೆತಿರುತ್ತಿದ್ದ. 2024ರ ಮಾರ್ಚ್–ಏಪ್ರಿಲ್‌ನಲ್ಲಿ ನಡೆದ ಎಸ್‌ಎಸ್‌ಎಲ್‌ಸಿ ಪರೀಕ್ಷೆ 1 ಬರೆದ. ಸ್ವಲ್ಪದರಲ್ಲಿ ಹೋಯಿತು. ಫಲಿತಾಂಶ ಬಂದ ದಿನ ಫೋನ್ ತೆಗೆಯಲಿಲ್ಲ. ಅಂಗಡಿಗೆ ಹೋದೆ. ಅಲ್ಲಿ 36 ಸ್ಲಾಟಿನ ಒಂದು ಮೋಟಾರ್ ಬಿಚ್ಚಿಟ್ಟುಕೊಂಡು ಕೂತಿದ್ದ. ಮೇಜಿನ ಮೇಲೆ ಅಂಗಡಿಯ ವಹಿ. ಪ್ರತಿ ಮೋಟಾರಿನ ಸ್ಲಾಟ್ ಎಷ್ಟು, ತಂತಿ ಯಾವ ಗೇಜ್, ಸುತ್ತು ಎಷ್ಟು, ಪಿಚ್ (ಕಾಯಿಲ್ ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ) ಏನು ಅಂತ ಬರೆದಿಡುವ ವಹಿ. ತೆರೆದ ಪುಟದಲ್ಲಿ ಅವನ ಅಕ್ಷರ:

1–18, 2–17, 3–16. ಮೂರು ಫೇಸ್ ಶುರು: 1, 13, 25.

ನಾನು ಆ ಪುಟವನ್ನೇ ನೋಡುತ್ತಾ ನಿಂತೆ. ಒಂದು ವರ್ಷದಿಂದ ನಾನು ಕಲಿಸಲು ಒದ್ದಾಡುತ್ತಿದ್ದದ್ದು ಅಲ್ಲೇ ಇತ್ತು.

"13 ಯಾಕೆ?" ಅಂದೆ.

"ಎರಡನೇ ಫೇಸ್ ಅಲ್ಲಿಂದಲೇ ಏಳಬೇಕ್ರಿ. 12 ಸ್ಲಾಟ್ ಬಿಟ್ಟು."

"ಮೂರನೆಯದು?"

"ಮತ್ತ 12. 25."

"ಇನ್ನೊಂದು ಇದ್ದಿದ್ದರೆ?"

ಒಂದು ಕ್ಷಣ ಯೋಚಿಸಿದ. "37. ಅಂದ್ರ ತಿರುಗಿ ಒಂದಕ್ಕೆ ಬಂತಲ್ರಿ."

1, 13, 25 ಸಮಾಂತರ ಶ್ರೇಢಿ. ಸಾಮಾನ್ಯ ವ್ಯತ್ಯಾಸ 12. ಕಾಯಿಲ್ ಅಗಲ ನೋಡಿ: 18ರಲ್ಲಿ 1 ಕಳೆದರೆ 17, 17ರಲ್ಲಿ 2 ಕಳೆದರೆ 15, 16ರಲ್ಲಿ 3 ಕಳೆದರೆ 13. ಅದೂ ಸಮಾಂತರ ಶ್ರೇಢಿ, ವ್ಯತ್ಯಾಸ ಋಣ 2. ಎರಡು ಪೋಲಿನ (ಕಾಂತ ಧ್ರುವದ) ಮೋಟಾರ್ ಆದ್ದರಿಂದ ಒಂದು ಪೋಲಿಗೆ 18 ಸ್ಲಾಟ್. ಒಂದು ಪೋಲ್ ಅಂದರೆ 180 ಡಿಗ್ರಿ, ಹಾಗಾಗಿ ಒಂದು ಸ್ಲಾಟಿಗೆ 10 ಡಿಗ್ರಿ. ಫೇಸಿನಿಂದ ಫೇಸಿಗೆ 120 ಡಿಗ್ರಿ ಬೇಕು, ಅದಕ್ಕೇ 12 ಸ್ಲಾಟ್. ಸೀಮೆಸುಣ್ಣದಲ್ಲಿ ಸ್ಟೇಟರ್ ಮೇಲೇ ಬರೆದು ತೋರಿಸಿದೆ.

"ಇದು ಲೆಕ್ಕ ಅಲ್ರಿ ಸರ, ಇದು ಬರೇ ಕೆಲಸ" ಅಂದ.

ಅವನಿಗೆ ಅದನ್ನು ನಂಬಿಸಲು ವಾರ ಬೇಕಾಯಿತು. ಆಮೇಲೆ ಎಲ್ಲವನ್ನೂ ಮೋಟಾರಿನಿಂದಲೇ ಶುರು ಮಾಡಿದೆವು. 240 ವೋಲ್ಟ್ ಮನೆಗೆ, 415 ಮೋಟಾರಿಗೆ ಅಂತ ಅವನಿಗೆ ಬಾಯಿಪಾಠ. 240ನ್ನು ಮೂರರ ವರ್ಗಮೂಲದಿಂದ, ಅಂದರೆ 1.732ರಿಂದ ಗುಣಿಸು ಅಂದೆ. ಉತ್ತರ 415ರ ಮೇಲೆ ಚಿಲ್ಲರೆ ಅಂತ ಬಂದಾಗ ಮೊಬೈಲ್ ಕ್ಯಾಲ್ಕುಲೇಟರ್ ತಪ್ಪಿರಬೇಕು ಅಂದುಕೊಂಡು ಮತ್ತೆ ಗುಣಿಸಿದ. ತಂತಿಯ ದಪ್ಪದಿಂದ ವೃತ್ತದ ವಿಸ್ತೀರ್ಣ ಬಂತು. ಕಂಬ, ಅದರ ಬಿಗಿ ತಂತಿ, ನೆಲದ ಕೋನ ಸೇರಿ ತ್ರಿಕೋನಮಿತಿ ಆಯಿತು. ಸಮೀಕರಣ ಮಾತ್ರ ಕೊನೆಯ ತನಕ ಕಷ್ಟವಾಗಿಯೇ ಉಳಿಯಿತು, ಅದನ್ನು ಪುಸ್ತಕದ ಲೆಕ್ಕ ಮಾಡಿ ಮಾಡಿಯೇ ದಾಟಿದ.

ಕರ್ನಾಟಕದಲ್ಲಿ 2024ರಲ್ಲಿ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಇದ್ದವು. ಅದರ ಬಗ್ಗೆ ಏನೇ ವಾದ ಇರಲಿ, ಅದೇ ವರ್ಷ ಇನ್ನೊಂದು ಅವಕಾಶ ಸಿಕ್ಕಿದ್ದರಿಂದ ಇವನಿಗೆ ಒಂದು ವರ್ಷ ಉಳಿಯಿತು. ಜೂನ್‌ನಲ್ಲಿ ಪರೀಕ್ಷೆ 2 ಬರೆದ, ಜುಲೈನಲ್ಲಿ ಪಾಸು. ತಾಯಿ ಫೋನಿನಲ್ಲಿ ಏನೋ ಹೇಳಲು ಹೋಗಿ ಹೇಳಲಾಗದೆ ಫೋನನ್ನು ಮಗಳ ಕೈಗೆ ಕೊಟ್ಟರು.

ಐಟಿಐ ಒಳಗೆ

ಐಟಿಐ ಪ್ರವೇಶ ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ, ಸುತ್ತುಸುತ್ತಾಗಿ ನಡೆಯುತ್ತದೆ. ಒಂದು ಎಲೆಕ್ಟ್ರಿಷಿಯನ್ ಯೂನಿಟ್‌ಗೆ 20 ಸೀಟು, ಹೆಚ್ಚಿನವು ಮೊದಲ ಸುತ್ತಿನಲ್ಲೇ ತುಂಬುತ್ತವೆ. ಇವನಿಗೆ ಕೊನೆಯ ಸುತ್ತಿನಲ್ಲಿ, ಮನೆಯಿಂದ ಬಸ್ಸಿನಲ್ಲಿ ಒಂದು ತಾಸು ದೂರದ ಸಂಸ್ಥೆಯಲ್ಲಿ ಸೀಟು ಸಿಕ್ಕಿತು. ನಾನು ಕಲಿಸುವ ಸಂಸ್ಥೆ ಅಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

ವರ್ಷಕ್ಕೆ 1200 ಗಂಟೆ ತರಬೇತಿ, ಅದರಲ್ಲಿ 840 ಗಂಟೆ ಪ್ರಾಕ್ಟಿಕಲ್. ಹಾಜರಾತಿ ಶೇ 80 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ನಿಜವಾದ ಕಷ್ಟ ಇದ್ದದ್ದು ಇಲ್ಲಿ. ಅವನ ದುಡಿಮೆ ನಿಂತರೆ ಮನೆ ನಡೆಯುವುದಿಲ್ಲ. ಅಂಗಡಿ ಮಾಲೀಕರು ಮೊದಲು ಮುಖ ಗಂಟು ಹಾಕಿದರು. ಕೈ ಕೂಡಿದ ಹುಡುಗ ಹೋದರೆ ಅವರಿಗೂ ಪೆಟ್ಟೇ ಅಲ್ವಾ? ಮೂವರೂ ಕೂತು ಮಾತಾಡಿದೆವು. ಸಂಜೆ ಆರರಿಂದ ಒಂಬತ್ತು, ಭಾನುವಾರ ಪೂರ್ತಿ, ಕೂಲಿ ದಿನದ ಲೆಕ್ಕ ಬಿಟ್ಟು ಮೋಟಾರ್ ಲೆಕ್ಕದಲ್ಲಿ. ಕಬ್ಬಿಗೆ ನೀರು ಹಾಯಿಸುವ ಬೇಸಿಗೆಯ ಎರಡು ತಿಂಗಳು ಮಾತ್ರ ಅವನಿಗೆ ನಿದ್ದೆ ಕಡಿಮೆ ಆಯಿತು. ಒಮ್ಮೆ ಕ್ಲಾಸಿನಲ್ಲೇ ನಿದ್ದೆ ಹೋಗಿ ಬೈಸಿಕೊಂಡ. ಹಾಜರಾತಿ ಕೆಳಗೆ ಬಂದಾಗ ನಾನೇ ಅಂಗಡಿಗೆ ಹೋಗಿ ಹದಿನೈದು ದಿನ ಬಿಡುವು ಕೇಳಿದೆ.

ವರ್ಕ್‌ಶಾಪಿನಲ್ಲಿ ಅವನು ಎಲ್ಲರಿಗಿಂತ ಮುಂದೆ. ಆದರೆ ಬೇರೆಯದೇ ತೊಂದರೆ. ಅಂಗಡಿಯ ಅಡ್ಡದಾರಿ ಬೆರಳಿಗೆ ಅಂಟಿತ್ತು. ಮೆಗ್ಗರ್ ಹಾಕಿ ಇನ್ಸುಲೇಷನ್ ನೋಡದೆ ಮೋಟಾರ್ ಚಾಲೂ ಮಾಡುವುದು, ಅರ್ಥಿಂಗ್ ಕೊನೆಗೆ ಕಟ್ಟೋಣ ಅನ್ನುವುದು. ಅಲ್ಲಿನ ಶಿಕ್ಷಕರು ಪಟ್ಟು ಬಿಡದೆ ಬಿಡಿಸಿದರು. ಅವರಿಗೆ ನಾನು ಋಣಿ. ಕೆಲಸ ಬಲ್ಲ ಹುಡುಗನಿಗೆ ಐಟಿಐ ಯಾಕೆ ಬೇಕು ಅಂತ ಕೇಳುವವರಿಗೆ ನಾನು ಈ ಅರ್ಥಿಂಗ್ ವಿಷಯ ಹೇಳುತ್ತೇನೆ.

2024ರ ಅಕ್ಟೋಬರ್‌ನಲ್ಲಿ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳಿಗೆ (ಹೆಸ್ಕಾಂನಂಥ ರಾಜ್ಯದ ವಿದ್ಯುತ್ ಕಂಪನಿಗಳು) ಸೇರಿ 2975 ಹುದ್ದೆಗಳ ಅಧಿಸೂಚನೆ ಬಂತು. ಹೆಚ್ಚಿನವು ಪವರ್‌ಮನ್ ಹುದ್ದೆ. ಅರ್ಜಿ ಹಾಕಿದ. ಅಂಕ ಸಾಲದೆ ಹೆಸರು ಬರಲಿಲ್ಲ. ಮೊದಲೇ ಹೇಳಿದ್ದೆ, ಆದರೂ ಒಂದು ವಾರ ಅವನ ಮುಖ ಸಣ್ಣದಾಗಿತ್ತು. ತಂದೆ ಈಗಲೂ ಮುಂದಿನ ಅಧಿಸೂಚನೆ ಯಾವಾಗ ಅಂತ ಕೇಳುತ್ತಾರೆ.

ಆ ಬೇಜಾರು ಕಡಿಮೆ ಮಾಡಿದ್ದು ಸಕ್ಕರೆ ಕಾರ್ಖಾನೆ. ತರಬೇತಿಯ ಭಾಗವಾಗಿ 150 ಗಂಟೆ ಹೊರಗೆ ಕೆಲಸ ಕಲಿಯಬೇಕು. ಇವನು ಹೋದದ್ದು ನಮ್ಮ ಭಾಗದ ಒಂದು ಕಾರ್ಖಾನೆಗೆ, ಕಬ್ಬು ನುರಿಸುವ ಹಂಗಾಮಿನಲ್ಲಿ. ಸಿಪ್ಪೆ ಸುಟ್ಟು ಉಗಿ ಮಾಡಿ, ಅದರಿಂದ ಟರ್ಬೈನ್ ತಿರುಗಿಸಿ ಅಲ್ಲೇ ಕರೆಂಟ್ ತಯಾರಿಸುತ್ತಾರೆ. ಅವನ ತಂದೆ ಕಡಿದ ಕಬ್ಬು ಅಲ್ಲಿಗೇ ಹೋಗುತ್ತಿತ್ತು. ಮೋಟಾರ್ ಅಂದರೆ 10 ಎಚ್‌ಪಿ ಅಂದುಕೊಂಡಿದ್ದವನು ನೂರಾರು ಎಚ್‌ಪಿಯ ಮೋಟಾರ್ ಕಂಡ. ವೇಗ ಏರಿಸಿ ಇಳಿಸುವ ಡ್ರೈವ್ ಪ್ಯಾನೆಲ್ ಮುಂದೆ ತಾಸುಗಟ್ಟಲೆ ನಿಂತಿದ್ದನಂತೆ. ರಾತ್ರಿ ಫೋನ್ ಮಾಡಿ, "ಸರ, ಸ್ಟಾರ್ ಡೆಲ್ಟಾನೇ ಇಲ್ರಿ ಇದಕ್ಕ!" ಅಂದ. ಸ್ಟಾರ್ ಡೆಲ್ಟಾ ಅಂದರೆ ಮೋಟಾರನ್ನು ಎರಡು ಹಂತದಲ್ಲಿ ಚಾಲೂ ಮಾಡುವ ಸ್ಟಾರ್ಟರ್. ಆ ದನಿಯಲ್ಲಿ ಲೈನ್‌ಮನ್ ಆಸೆ ಹಿಂದೆ ಸರಿದದ್ದು ನನಗೆ ಕೇಳಿಸಿತು.

ಮುಂದೆ

ಐಟಿಐ ಆದ ಮೇಲೆ ಒಂದು ವರ್ಷ ಅಪ್ರೆಂಟಿಸ್‌ಶಿಪ್ ಅಂತ ತೀರ್ಮಾನ ಆಗಿದೆ. 30 ಮತ್ತು ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಾನೂನು, ಒಟ್ಟು ಸಂಖ್ಯೆಯ ಶೇ 2.5ರಿಂದ 15ರ ತನಕ. ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ, ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳು, ಕೂಡಗಿಯ 2400 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಎಲ್ಲಾ ಬಾಗಲಕೋಟೆ, ವಿಜಯಪುರ, ಬೆಳಗಾವಿ ಹೀಗೆ ನಮ್ಮ ಮೂರು ಜಿಲ್ಲೆಯಲ್ಲೇ ಇವೆ. ಬೆಂಗಳೂರು ಬಸ್ಸು ಹತ್ತುವ ಮುಂಚೆ ಇವನ್ನು ನೋಡಲಿ ಅನ್ನುವುದು ನನ್ನ ಆಸೆ. ಆಮೇಲೆ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್, ಅನುಭವ ಆದ ಮೇಲೆ ಸೂಪರ್‌ವೈಸರ್ ಪರ್ಮಿಟ್. ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕ, ಪರ್ಮಿಟ್ ಇರುವ ಕೈಯಿಂದಲೇ ವೈರಿಂಗ್ ಆಗಬೇಕು ಅನ್ನುವುದು ನಿಯಮ. ಸ್ವಂತ ಕೆಲಸ ಹಿಡಿಯುವ ಆಸೆ ಅವನಿಗೂ ಇದೆ.

ನಾನು ಮತ್ತೊಮ್ಮೆ ಇಂಥ ಹುಡುಗನ ಜೊತೆ ಕೂತರೆ ಎರಡು ಕೆಲಸ ಬೇರೆ ರೀತಿ ಮಾಡುತ್ತೇನೆ. ಮೊದಲ ದಿನವೇ ಅವನ ವಹಿ ನೋಡುತ್ತೇನೆ, ಪುಸ್ತಕ ಆಮೇಲೆ. ಮತ್ತೆ ಅಂಗಡಿ ಮಾಲೀಕರನ್ನು ಕೊನೆಗೆ ಒಪ್ಪಿಸುವುದರ ಬದಲು ಮೊದಲೇ ಜೊತೆಗೆ ಕರೆದುಕೊಳ್ಳುತ್ತೇನೆ. ಅವರು ಬೇಡ ಅಂದಿದ್ದರೆ ಇದ್ಯಾವುದೂ ನಡೆಯುತ್ತಿರಲಿಲ್ಲ.

ಹೋದ ತಿಂಗಳು ತಮ್ಮನ ಇನ್ನೊಂದು ಮೋಟಾರ್ ಒಯ್ದಿದ್ದೆ. ಭಾನುವಾರ, ಹುಡುಗ ಅಂಗಡಿಯಲ್ಲೇ ಇದ್ದ. ವಹಿ ತೆರೆದು ಬರೆದುಕೊಂಡ. ಸ್ಲಾಟ್, ಗೇಜ್, ಸುತ್ತು, ಪಿಚ್. ಪಕ್ಕದಲ್ಲಿ ಹೊಸದಾಗಿ ಗೆರೆ ಎಳೆದ ಒಂದು ಕಾಲಂ ಇತ್ತು. ಮೇಲೆ ಕೆಂಪು ಪೆನ್ನಿನಲ್ಲಿ "ಯಾಕೆ ಸುಟ್ಟಿತು" ಅಂತ ಬರೆದಿದ್ದ. ಮೊದಲೆಲ್ಲ ಯಾರೂ ಅದನ್ನು ಬರೆಯುತ್ತಿರಲಿಲ್ಲ, ಸುಟ್ಟಿದ್ದನ್ನು ಕಟ್ಟಿ ಕೊಟ್ಟು ಕಳಿಸುತ್ತಿದ್ದರು. ನಮ್ಮ ಮೋಟಾರಿನ ಮುಚ್ಚಳ ಬಿಚ್ಚಿ, ಎರಡು ಫೇಸಿನ ಕಾಯಿಲ್ ಕಪ್ಪಾಗಿ ಒಂದು ಹಾಗೇ ಹೊಳೆಯುತ್ತಿದ್ದುದನ್ನು ಬ್ಯಾಟರಿ ಹಿಡಿದು ತಮ್ಮನಿಗೆ ತೋರಿಸಿದ. ಆಮೇಲೆ ಬರೆದ: "ಒಂದು ಫೇಸ್ ಹೋಗಿತ್ತು. ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಪ್ರಿವೆಂಟರ್ ಇರಲಿಲ್ಲ. ಹಾಕಿಸಲು ಹೇಳಿದೆ."